ಶಿರಸಂಗಿಯ ಮೃತ್ಯುಪತ್ರದಿಂದ ಹುಬ್ಬಳ್ಳಿಯ ವಿಶ್ವವಿದ್ಯಾಲಯದವರೆಗೆ: ಒಂದು ಖಾಸಗಿ ವಿವಿಯ ಕಥೆ

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ಇವತ್ತಿನ ಮಾತು ಒಂದು ವಿಶ್ವವಿದ್ಯಾಲಯದ ಬಗ್ಗೆ. ಸಿಇಟಿ ಫಲಿತಾಂಶ ಬಂದ ಮೇಲೆ ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಗ್ಯಾರಂಟಿ ಬರ್ತದ. "ಅದು ಕಾಲೇಜೋ, ಯುನಿವರ್ಸಿಟಿನೋ? ಡಿಗ್ರಿ ಕೊಡೋರು ಯಾರು? ಖಾಸಗಿ ಅಂತಾರ, ನಡೀತದೇನ್ರಿ?" ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕೊಟ್ಟು ಮುಗಿಸಬಹುದು. ಆದ್ರ ನಮ್ಮ ಭಾಗದ ಮಟ್ಟಿಗೆ ಅದರ ಹಿಂದ ನೂರು ವರ್ಷಕ್ಕೂ ಮಿಕ್ಕಿದ ಒಂದು ಕಥೆ ಅದ. ಆ ಕಥೆಯ ಒಂದು ತುದಿ ಹುಬ್ಬಳ್ಳಿಯ ವಿದ್ಯಾನಗರದಾಗ ಇದ್ರ, ಇನ್ನೊಂದು ತುದಿ ಸವದತ್ತಿ ಸೀಮೆಯ ಶಿರಸಂಗಿಯಾಗ ಅದ. ಹಂಗಾಗಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಅನ್ನೋದು ಹೆಂಗ ಹುಟ್ಟಿತು, ಅದು ಯಾವ ನಮೂನಿ ವಿಶ್ವವಿದ್ಯಾಲಯ, ಅದರ ಮೇಲೆ ನಮ್ಮ ಹಳ್ಳಿಗಳಿಗೆ ಏನು ಹಕ್ಕದ, ಇಷ್ಟನ್ನ ಇವತ್ತು ನೋಡೋಣ.

ಮೊದಲು ಆ ಕಾಲದ ಈ ಸೀಮೆಯನ್ನ ಸ್ವಲ್ಪ ಕಣ್ಣ ಮುಂದ ತಂದುಕೊಳ್ಳಿ. ಬ್ರಿಟಿಷರ ದಾಖಲೆಗಳಲ್ಲಿ ಬೈಲಹೊಂಗಲ ತಾಲೂಕು ಅಂತ ಸಿಗೋದಿಲ್ಲ, ಸಂಪಗಾಂವ ತಾಲೂಕು ಅಂತ ಸಿಗ್ತದ. ಕಿತ್ತೂರೂ ಅದರೊಳಗೇ ಇತ್ತು. ಸವದತ್ತಿಗೆ ಪರಸಗಡ ತಾಲೂಕು ಅಂತಿದ್ರು. ರಾಮದುರ್ಗ ಸಂಸ್ಥಾನ ಆಗಿತ್ತು. ಬೆಳಗಾವಿ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಆಡಳಿತದಲ್ಲಿ, ಕಚೇರಿಯಲ್ಲಿ, ದೊಡ್ಡ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡ ಶಾಲೆಗಳಿಗಾಗಿ ಹೆಣಗಾಡಿದ್ರು, ಅದರಿಂದ ಪ್ರಾಥಮಿಕ ಶಿಕ್ಷಣಕ್ಕೆ ಒಂದು ದಾರಿ ಆಯಿತು. ಆದ್ರ ಅದಕ್ಕೂ ಮುಂದೆ? ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಮೊದಲ ಕಾಲೇಜು ಬಂದದ್ದು 1917ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು. ಅಲ್ಲಿಯವರೆಗೆ ಡಿಗ್ರಿ ಬೇಕು ಅಂದ್ರ ಪುಣೆ, ಕೊಲ್ಹಾಪುರ, ಮುಂಬಯಿ ಕಡೆ ಗಂಟುಮೂಟೆ ಕಟ್ಟಬೇಕಿತ್ತು. ಒಕ್ಕಲುತನದ ಮನೆಯ ಹುಡುಗ ಹಂಗ ಹೋಗಬೇಕಂದ್ರ ಬುದ್ಧಿ ಒಂದೇ ಸಾಲುತ್ತಿರಲಿಲ್ಲ, ಊಟಕ್ಕೂ ವಸತಿಗೂ ಯಾರೋ ಒಬ್ಬರು ಕೈ ಹಿಡಿಯಬೇಕಿತ್ತು.

ಆ ಕೈ ಹಿಡಿಯೋ ಕೆಲಸ ಆ ಕಾಲದಲ್ಲಿ ಸಮುದಾಯಗಳ ಮೂಲಕ ನಡೀತಿತ್ತು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ತೆರೆಯೋದಕ್ಕೆ ಒತ್ತಾಸೆ ಕೊಟ್ಟರು, 1902ರಲ್ಲಿ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ಅರ್ಧ ಜಾಗ ಮೀಸಲಿಟ್ಟರು. ಇತ್ತ ಧಾರವಾಡದಲ್ಲಿ ಅದಕ್ಕೂ ಮೊದಲೇ, 1883ರಲ್ಲಿ, ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರು ಲಿಂಗಾಯತ ಶಿಕ್ಷಣ ನಿಧಿ ಕಟ್ಟಿದ್ರು. ಓದೋ ಹುಡುಗರಿಗೆ ನೆರವು ಕೊಡೋದು ಅದರ ಕೆಲಸ.

ಇಲ್ಲಿ ಶಿರಸಂಗಿ ಬರ್ತದ. ಕಾಳಮ್ಮನ ಗುಡಿಯ ಶಿರಸಂಗಿ, ಯುಗಾದಿ ಹೊತ್ತಿಗೆ ಹೊಸ ಗೋದಿ ಅರ್ಪಿಸ್ತಾರಲ್ಲ, ಅದೇ ಊರು. 1861ರಲ್ಲಿ ಇಂದಿನ ಗದಗ ಜಿಲ್ಲೆಯ ಶಿಗ್ಲಿಯಲ್ಲಿ ಹುಟ್ಟಿದ ಹುಡುಗನೊಬ್ಬ ನವಲಗುಂದ–ಶಿರಸಂಗಿ ದೇಸಗತಿಗೆ ದತ್ತು ಬಂದ. ಅವರೇ ಮುಂದೆ ಶಿರಸಂಗಿ ಲಿಂಗರಾಜ ದೇಸಾಯರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಸೇರಿದಾಗ ಅಧ್ಯಕ್ಷರಾಗಿದ್ದವರು ಅವರೇ. 1906ರಲ್ಲಿ ಅವರು ತೀರಿಕೊಂಡರು. ತೀರಿಕೊಳ್ಳೋ ಮೊದಲು ಮೃತ್ಯುಪತ್ರ ಬರೆದಿಟ್ಟಿದ್ದರು. ತಮ್ಮ ಆಸ್ತಿ ಶಿಕ್ಷಣಕ್ಕೆ ಹೋಗಬೇಕು ಅಂತ ಅದರಲ್ಲಿ ಇತ್ತು. ಅದರಿಂದಲೇ ಮುಂದೆ ನವಲಗುಂದ–ಶಿರಸಂಗಿ ಟ್ರಸ್ಟ್ ನಡೆದು ಬಂತು.

ಒಬ್ಬ ದೇಸಾಯಿ ದತ್ತಕದ ಮಗನನ್ನು ಹುಡುಕಿ ವಂಶ ಮುಂದುವರಿಸೋದು ಆ ಕಾಲದ ರೂಢಿ. ಸ್ವತಃ ದತ್ತು ಬಂದವರೇ ಲಿಂಗರಾಜರು. ಆದ್ರ ಅವರು ಆಸ್ತಿಯನ್ನ ಮತ್ತೊಂದು ಮನೆತನಕ್ಕೆ ಕೊಡಲಿಲ್ಲ, ಓದೋ ಮಕ್ಕಳಿಗೆ ಬಿಟ್ಟರು. ಇದನ್ನ ನಾವು ಭಾಷಣಗಳಲ್ಲಿ "ತ್ಯಾಗವೀರ" ಅಂತ ಕೇಳಿರ್ತೀವಿ. ಕೇಳಿ ಕೇಳಿ ಆ ಮಾತು ಕಿವಿಗೆ ಸವೆದು ಹೋಗ್ಯದ. ಆದ್ರ ಒಂದು ನಿಮಿಷ ಯೋಚನೆ ಮಾಡಿ. ದೇಸಗತಿಯ ಆಸ್ತಿ ಅಂದ್ರ ಏನು? ಅದು ಭೂಮಿಯ ಉತ್ಪನ್ನ. ಎರಿಭೂಮಿಯಾಗ ಜೋಳ, ಹತ್ತಿ, ಗೋದಿ ಬೆಳೆದವರು ರೈತರು. ಅವರ ದುಡಿತದಿಂದ ಬಂದದ್ದೇ ದೇಸಾಯರ ಖಜಾನೆ ಸೇರಿದ್ದು. ದೇಸಾಯರು ಅದನ್ನ ಶಾಲೆಗೆ ತಿರುಗಿಸಿದ್ರು, ಅದು ಅವರ ದೊಡ್ಡಸ್ತನ. ಆದ್ರ ಆ ದಾನದ ಬುಡದಲ್ಲಿ ಹೆಸರಿಲ್ಲದ ಸಾವಿರಾರು ಒಕ್ಕಲುಗಳ ಬೆವರೂ ಇತ್ತು. ಈ ಮಾತನ್ನ ನೆನಪಿನಾಗ ಇಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದ.

ಈಗ ಬೆಳಗಾವಿಗೆ ಬರೋಣ. 1916ರ ನವೆಂಬರ್ 13. ಬೆಳಗಾವಿಯಲ್ಲಿ ಒಂದು ಶಾಲೆ ಶುರುವಾಯಿತು, ಆಂಗ್ಲೋ–ವರ್ನಾಕ್ಯುಲರ್ ಶಾಲೆ ಅಂತ. ಕಟ್ಟಿದವರು ಏಳು ಜನ ಶಿಕ್ಷಕರು. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಕಟ್ಟೀಮನಿ, ಚಿಕ್ಕೋಡಿ, ಪಾಟೀಲ. ಜನ ಇವರನ್ನ ಸಪ್ತರ್ಷಿಗಳು ಅಂತ ಕರೆದರು. ಅವರ ಮುಂದೆ ಒಂದು ಮಾದರಿ ಇತ್ತು. ಪುಣೆಯಲ್ಲಿ ತಿಲಕ, ಆಗರ್ಕರ್ ಮುಂತಾದವರು 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಫರ್ಗ್ಯೂಸನ್ ಕಾಲೇಜು ತೆರೆದಿದ್ದರು. ಅಲ್ಲಿಯ ಪದ್ಧತಿ ಆಜೀವ ಸದಸ್ಯರದು. ಅಂದ್ರ ಕಲಿತವರು ಸರ್ಕಾರಿ ಹುದ್ದೆಯ ಆಸೆ ಬಿಟ್ಟು, ಕಡಿಮೆ ಸಂಬಳಕ್ಕೆ, ಇಡೀ ಆಯುಷ್ಯ ಸಂಸ್ಥೆಗೆ ಕೊಡೋದು. ಬೆಳಗಾವಿಯ ಏಳು ಜನರೂ ಅದೇ ದಾರಿ ಹಿಡಿದ್ರು. ಸಂಸ್ಥೆಯ ಹೆಸರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ. ಅದನ್ನ ಈಗ ಎಲ್ಲರೂ ಕೆಎಲ್‌ಇ ಅಂತ ಕರೀತಾರ. ಆ ಮೊದಲ ಶಾಲೆಗೆ ಮುಂದೆ ಧಾರವಾಡದ ಆ ಇಬ್ಬರು ಹಿರಿಯರ ಹೆಸರು ಬಂತು, ಗಿಲಗಂಚಿ–ಅರಟಾಳ ಹೈಸ್ಕೂಲು. ಬೆಳಗಾವಿಯವರಿಗೆ ಅದು ಜಿಎ ಹೈಸ್ಕೂಲು.

ಈ ಏಳು ಜನ ಬರೀ ಶಾಲೆ ನಡೆಸಿದವರಲ್ಲ. ಶಿ.ಶಿ. ಬಸವನಾಳರು ವಚನ ಸಾಹಿತ್ಯದ ದೊಡ್ಡ ವಿದ್ವಾಂಸರು. ಬಸವಣ್ಣನ ವಚನಗಳನ್ನ ಕೆ.ಆರ್. ಶ್ರೀನಿವಾಸ ಅಯ್ಯಂಗಾರರ ಜೊತೆ ಸೇರಿ ಇಂಗ್ಲಿಷಿಗೆ ತಂದವರು. 1944ರಲ್ಲಿ ರಬಕವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಎಂ.ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ವಜ್ಞಾನದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದವರು. ಪಾಠ ಹೇಳೋರು, ಓದೋರು, ಬರೆಯೋರು ಕೂಡಿ ಕಟ್ಟಿದ ಸಂಸ್ಥೆ ಇದು. ದುಡ್ಡಿದ್ದವರು ಒಂದು ದಿನ ಶಾಲೆ ತೆಗೆಯೋಣ ಅಂತ ಕೂತು ಕಟ್ಟಿದ್ದಲ್ಲ. ದುಡ್ಡು ಆಮೇಲೆ ಬಂತು. ವಂಟಮೂರಿಯ ರಾಜಾ ಲಖಮಗೌಡರು, ಅರಟಾಳ ರುದ್ರಗೌಡರು, ಶಿರಸಂಗಿ ಲಿಂಗರಾಜರು, ಭೂಮರಡ್ಡಿಯವರು, ಈ ದಾನಿಗಳನ್ನ ಸಂಸ್ಥೆ ಇವತ್ತಿಗೂ ಸ್ಮರಿಸ್ತದ. ಅವರ ಹೆಸರುಗಳು ಕಾಲೇಜುಗಳ ಹಣೆ ಮೇಲೆ ಅವ. 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಶುರುವಾಯಿತು. ವಿಜ್ಞಾನದ ಕಾಲೇಜು ಆರ್‌ಎಲ್‌ಎಸ್ ಅಂದ್ರ ರಾಜಾ ಲಖಮಗೌಡರ ಹೆಸರಿನದು. ಶಿರಸಂಗಿ ಟ್ರಸ್ಟ್ ಬೇರೆ, ಕೆಎಲ್‌ಇ ಸೊಸೈಟಿ ಬೇರೆ, ಎರಡನ್ನೂ ಒಂದೇ ಅಂತ ತಿಳಿಯಬಾರದು. ಆದ್ರ ಎರಡರ ಬೇರೂ ಒಂದೇ ಮಣ್ಣಿನಾಗ ಅದ.

ನಮ್ಮ ವಿಶ್ವವಿದ್ಯಾಲಯದ ಕಥೆ ಇಲ್ಲಿಂದ ಹುಬ್ಬಳ್ಳಿಗೆ ಹೊರಳ್ತದ. 1947, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಹುಬ್ಬಳ್ಳಿಯಲ್ಲಿ ಬಸಪ್ಪ ವೀರಪ್ಪ ಭೂಮರಡ್ಡಿಯವರ ಹೆಸರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೀತು. ಬಿವಿಬಿ ಅಂದ್ರ ಸಾಕು, ಉತ್ತರ ಕರ್ನಾಟಕದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರ. ಆಗಿನ್ನೂ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿರಲಿಲ್ಲ. ಅದು ಶುರುವಾದದ್ದು 1949ರಲ್ಲಿ, ಅದೂ ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ಅಂದ್ರ ಕನ್ನಡ ನಾಡಿನ ಈ ಭಾಗಕ್ಕೆ ವಿಶ್ವವಿದ್ಯಾಲಯ ಬರೋದಕ್ಕಿಂತ ಮೊದಲೇ ಖಾಸಗಿಯವರ ಇಂಜಿನಿಯರಿಂಗ್ ಕಾಲೇಜು ಬಂದಿತ್ತು.

ಬಿವಿಬಿಯಿಂದ ಹೊರಬಂದವರಲ್ಲಿ ಸುಧಾ ಮೂರ್ತಿಯವರ ಹೆಸರು ಎಲ್ಲರಿಗೂ ಗೊತ್ತು. ತಮ್ಮ ತರಗತಿಯಲ್ಲಿ ತಾವೊಬ್ಬರೇ ಹುಡುಗಿ ಇದ್ದದ್ದು, ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಅಂತ ಶೌಚಾಲಯವೇ ಇಲ್ಲದ್ದು, ಇವನ್ನೆಲ್ಲ ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಅರವತ್ತರ ದಶಕದ ಕೊನೆಯ ಮಾತು ಅದು. ಬಾಗಿಲು ತೆರೆದಿಟ್ಟರೆ ಸಾಲದು, ಒಳಗೆ ಬಂದವರಿಗೆ ಇರೋದಕ್ಕೆ ಜಾಗವೂ ಬೇಕು ಅನ್ನೋದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಿಕ್ಕಿಲ್ಲ.

ಅರ್ಧ ಶತಮಾನ ಬಿವಿಬಿ ಒಂದು ಸಂಯೋಜಿತ ಕಾಲೇಜಾಗಿಯೇ ನಡೀತು. ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಕೈಕೆಳಗೆ. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಬಂದ ಮೇಲೆ ಅದರ ಕೈಕೆಳಗೆ. ನಂತರ ಸ್ವಾಯತ್ತ ಕಾಲೇಜು ಆಯಿತು, ಅಂದ್ರ ಪಠ್ಯ, ಪರೀಕ್ಷೆ ತನ್ನದು, ಡಿಗ್ರಿ ಮಾತ್ರ ವಿಟಿಯುದು. ಆಮೇಲೆ ರಾಜ್ಯದ ವಿಧಾನಮಂಡಲ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು. 2015ರ ಹೊತ್ತಿಗೆ ಬಿವಿಬಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಆಗಿ ಕೆಲಸ ಶುರು ಮಾಡಿತು. ಬೆಳಗಾವಿಯ ಶೇಷಗಿರಿ ಇಂಜಿನಿಯರಿಂಗ್ ಕಾಲೇಜೂ ಈಗ ಇದೇ ವಿಶ್ವವಿದ್ಯಾಲಯದ ಕ್ಯಾಂಪಸ್.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಯುನಿವರ್ಸಿಟಿ ಅಂದ್ರ ಎಲ್ಲ ಒಂದೇ ಅಲ್ರಿ. ನಮ್ಮ ಸುತ್ತಮುತ್ತಲೇ ಮೂರು ಥರದವು ಅವ.

ಮೊದಲನೇದು ಸರ್ಕಾರಿ ವಿಶ್ವವಿದ್ಯಾಲಯ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2010ರದು. ಅದಕ್ಕೂ ಮೊದಲು ಅದು ಕರ್ನಾಟಕ ವಿವಿಯ ಸ್ನಾತಕೋತ್ತರ ಕೇಂದ್ರ ಆಗಿತ್ತು. ಇಂಥ ವಿವಿಗಳು ಊರೂರಿನ ಡಿಗ್ರಿ ಕಾಲೇಜುಗಳಿಗೆ ಸಂಯೋಜನೆ ಕೊಡ್ತಾವ. ಬೈಲಹೊಂಗಲದಾಗ ಬಿಎ ಓದಿದವರ ಕೈಗೆ ಬರೋ ಸರ್ಟಿಫಿಕೇಟ್ ಅಲ್ಲಿಂದ ಬರ್ತದ. ವಿಟಿಯು ಕೂಡ ಇದೇ ಜಾತಿ, ಇಂಜಿನಿಯರಿಂಗಿಗೆ.

ಎರಡನೇದು ಡೀಮ್ಡ್ ವಿಶ್ವವಿದ್ಯಾಲಯ. ಇದನ್ನ ಯುಜಿಸಿ ಕಾಯ್ದೆಯ 3ನೇ ಕಲಂ ಅಡಿ ಕೇಂದ್ರ ಸರ್ಕಾರ ಘೋಷಣೆ ಮಾಡ್ತದ. ನಮ್ಮ ದೇಶದ ಮೊದಲ ಡೀಮ್ಡ್ ವಿವಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 1958ರಲ್ಲಿ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯದೇ ಜೆಎನ್ ಮೆಡಿಕಲ್ ಕಾಲೇಜು 1963ರದು. ಅದನ್ನೊಳಗೊಂಡ ಸಮೂಹಕ್ಕೆ 2006ರಲ್ಲಿ ಡೀಮ್ಡ್ ಸ್ಥಾನ ಸಿಕ್ಕಿತು, ಕೆಎಲ್‌ಇ ವಿಶ್ವವಿದ್ಯಾಲಯ ಅಂತ ಹೆಸರಾಯಿತು. ಆದ್ರ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ, ಡೀಮ್ಡ್ ಸಂಸ್ಥೆಗಳು ಹೆಸರಿನಲ್ಲಿ 'ಯುನಿವರ್ಸಿಟಿ' ಪದ ಬಳಸಬಾರದು ಅಂತ ಯುಜಿಸಿ ಹೇಳಿತು. ಅದಕ್ಕೇ ಅದು ಈಗ ಕೆಎಲ್‌ಇ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಅಂಡ್ ರಿಸರ್ಚ್. ಬೋರ್ಡ್ ಬದಲಾಯಿತು ಅಂದಕೂಡಲೇ ಡಿಗ್ರಿ ಹೋಯಿತು ಅಂತ ಗಾಬರಿ ಬೀಳೋದು ಬೇಡ. ಡಿಗ್ರಿ ಕೊಡೋ ಅಧಿಕಾರ ಹಾಗೇ ಅದ.

ಮೂರನೇದು ಖಾಸಗಿ ವಿಶ್ವವಿದ್ಯಾಲಯ. ಇದು ರಾಜ್ಯದ ಶಾಸಕಾಂಗ ಮಾಡಿದ ಕಾಯ್ದೆಯಿಂದ ಹುಟ್ಟಿದ್ದು. ಕರ್ನಾಟಕದಲ್ಲಿ ಒಂದೊಂದು ಖಾಸಗಿ ವಿವಿಗೂ ಒಂದೊಂದು ಪ್ರತ್ಯೇಕ ಕಾಯ್ದೆ. ಅಲಯನ್ಸ್, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳು 2010ರಲ್ಲಿ ಹೀಗೇ ಬಂದವು. ಕೆಎಲ್‌ಇ ತಾಂತ್ರಿಕ ವಿವಿ ಇದೇ ಸಾಲಿನದು. ಇದು ತನ್ನ ಡಿಗ್ರಿ ತಾನೇ ಕೊಡ್ತದ, ತನ್ನ ಪಠ್ಯಕ್ರಮ ತಾನೇ ಮಾಡ್ತದ. ಆದ್ರ ಬೇರೆ ಕಾಲೇಜುಗಳಿಗೆ ಸಂಯೋಜನೆ ಕೊಡೋ ಹಂಗಿಲ್ಲ. ಅದಕ್ಕೇ ವಿಟಿಯು ಪಕ್ಕದಾಗ ಇದು ಸಣ್ಣದು ಅನ್ನಿಸ್ತದ.

ಇಷ್ಟೆಲ್ಲ ಕಟ್ಟುಪಾಡು ಯಾಕ ಬಂತು ಗೊತ್ತೇನ್ರಿ? ಛತ್ತೀಸಗಢದಲ್ಲಿ 2002ರಲ್ಲಿ ಒಂದು ಕಾಯ್ದೆ ಮಾಡಿದ್ರು. ಬರೀ ಅಧಿಸೂಚನೆ ಮೇಲೆ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಎಷ್ಟೋ ಕಡೆ ಕಟ್ಟಡ ಇಲ್ಲ, ಮೇಷ್ಟ್ರು ಇಲ್ಲ. ವಿಜ್ಞಾನಿ ಪ್ರೊ. ಯಶಪಾಲರು ಕೋರ್ಟಿಗೆ ಹೋದರು. 2005ರಲ್ಲಿ ಸುಪ್ರೀಂ ಕೋರ್ಟ್ ಆ ವ್ಯವಸ್ಥೆಯನ್ನೇ ರದ್ದು ಮಾಡಿತು. ಆಗ ಅಲ್ಲಿ ಓದುತ್ತಿದ್ದ ಮಕ್ಕಳ ಗತಿ ಏನು ಅನ್ನೋದೇ ದೊಡ್ಡ ಚಿಂತೆ ಆಯಿತು. ಅಂದ್ರ "ಖಾಸಗಿ ಅಂತಾರ, ನಡೀತದೇನ್ರಿ?" ಅಂತ ನಮ್ಮ ಹಿರಿಯರು ಕೇಳೋದು ದಡ್ಡತನದ ಪ್ರಶ್ನೆ ಅಲ್ಲ. ಭಾಳ ಶಾಣ್ಯಾ ಪ್ರಶ್ನೆ. ಅದನ್ನ ಕೇಳಲೇಬೇಕು. ನೋಡಬೇಕಾದದ್ದು ಇಷ್ಟು: ರಾಜ್ಯದ ಕಾಯ್ದೆ ಅದ ಏನು, ಯುಜಿಸಿ ಪಟ್ಟಿಯಲ್ಲಿ ಹೆಸರು ಅದ ಏನು, ನ್ಯಾಕ್ ಮಾನ್ಯತೆ ಏನು, ನೀವು ಸೇರೋ ಕೋರ್ಸಿಗೆ ಸಂಬಂಧಪಟ್ಟ ಮಂಡಳಿಯ ಒಪ್ಪಿಗೆ ಅದ ಏನು. ಯುಜಿಸಿಯ ಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗ್ತದ, ಏಜೆಂಟ್ ಹೇಳಿದ್ದನ್ನ ನಂಬೋ ಅಗತ್ಯ ಇಲ್ಲ.

ಇನ್ನು ಖರೇ ಪ್ರಶ್ನೆ. ಫೀ.

ಸಪ್ತರ್ಷಿಗಳ ಕಾಲದಲ್ಲಿ ಸಮಸ್ಯೆ ಏನಿತ್ತು? ಶಾಲೆ ಇರಲಿಲ್ಲ. ಈಗ ಸಮಸ್ಯೆ ಅದಲ್ಲ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಾಗ ಕಾಲೇಜುಗಳಿಗೇನು ಬರ ಇಲ್ಲ. 2016ರಿಂದ ಧಾರವಾಡಕ್ಕೆ ಐಐಟಿಯೂ ಬಂದದ. ಈಗಿನ ಸಮಸ್ಯೆ, ಬಾಗಿಲು ಕಾಣಸ್ತದ ಆದ್ರ ಒಳಗ ಹೋಗೋ ಖರ್ಚು ಎಟುಕೋದಿಲ್ಲ ಅನ್ನೋದು. ಕಬ್ಬಿನ ಬಿಲ್ಲು ಬಂದಿಲ್ಲ, ಸೋಯಾ ಧಾರಣಿ ಬಿದ್ದದ, ಅಂಥ ವರ್ಷದಾಗ ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಬಂದ್ರ ಅಪ್ಪ ಖುಷಿ ಪಡಬೇಕೋ, ಚಿಂತೆ ಮಾಡಬೇಕೋ? ಸಂಪಗಾಂವ ಸುತ್ತಲಿನ ಎಷ್ಟೋ ಮನೆಗಳ ಮಾತು ಇದು.

ಇಲ್ಲಿ ಒಂದು ವಿಷಯ ಭಾಳ ಮಂದಿಗೆ ಗೊತ್ತಿರೋದಿಲ್ಲ. ಖಾಸಗಿ ವಿವಿ ಅಂದ್ರ ಪೂರಾ ಮ್ಯಾನೇಜ್‌ಮೆಂಟ್ ಸೀಟು ಅಂತ ತಿಳಿದು ಎಷ್ಟೋ ಜನ ಆಪ್ಶನ್ ಎಂಟ್ರಿಯಲ್ಲೇ ಅದನ್ನ ಬಿಟ್ಟುಬಿಡ್ತಾರ. ನಮ್ಮ ರಾಜ್ಯದ ಖಾಸಗಿ ವಿವಿಗಳಲ್ಲಿ ಶೇ 40ರಷ್ಟು ಸೀಟು ಸರ್ಕಾರಿ ಕೋಟಾದವು, ಪರೀಕ್ಷಾ ಪ್ರಾಧಿಕಾರದ ಮೂಲಕ ಸಿಇಟಿ ರ‍್ಯಾಂಕ್ ಮೇಲೆ ಹಂಚಿಕೆ ಆಗೋವು. ಅದರ ಶುಲ್ಕ ಬೇರೆ, ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಬೇರೆ. ಆದ್ರ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಷ್ಟು ಅಗ್ಗ ಇರೋದಿಲ್ಲ. ಅದಕ್ಕೇ ಆಪ್ಶನ್ ಹಾಕೋ ಮೊದಲು ಆ ವರ್ಷದ ಶುಲ್ಕದ ಪಟ್ಟಿಯನ್ನ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಬಾಯಿಮಾತಿನ ಲೆಕ್ಕ ಬೇಡ.

ಹಂಗೇ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಅದ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಕ್ಕಳಿಗೆ ಇದು ದೊಡ್ಡ ಆಸರೆ. ಆದ್ರ ಸರ್ಟಿಫಿಕೇಟ್ ಸರಿಯಾದ ನಮೂನೆಯಲ್ಲಿ ಇರಬೇಕು, ಬಿಇಓ ಸಹಿ ಇರಬೇಕು, ಅರ್ಜಿ ಹಾಕುವಾಗಲೇ ಆ ಕಾಲಂ ತುಂಬಿರಬೇಕು. ಸೀಟು ಹಂಚಿಕೆ ಶುರುವಾದ ಮೇಲೆ ಓಡಾಡಿದ್ರ ಏನೂ ಆಗೋದಿಲ್ಲ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಅದ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಬೋಧನಾ ಶುಲ್ಕ ಮಾಫಿಯ ಸೀಟು ಅವ ಏನು, ಸಂಸ್ಥೆಯದೇ ವಿದ್ಯಾರ್ಥಿವೇತನ ಅದ ಏನು ಅಂತ ಕಚೇರಿಯಲ್ಲಿ ಕೇಳಿ. ಕೇಳೋದಕ್ಕೆ ನಾಚಿಕೆ ಬೇಡ. ಹಾಸ್ಟೆಲ್ ಖರ್ಚನ್ನೂ ಸೇರಿಸಿ ನಾಲ್ಕು ವರ್ಷದ ಲೆಕ್ಕ ಹಾಕಿ, ಮೊದಲ ವರ್ಷದ್ದಷ್ಟೇ ಅಲ್ಲ.

ಹಾಸ್ಟೆಲ್ ಅಂದಾಗ ಒಂದು ಮಾತು ಹೇಳಲೇಬೇಕು. ಬೈಲಹೊಂಗಲ ತಾಲೂಕಿನ ನಾಗನೂರ ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1930ರ ದಶಕದಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಧಾರವಾಡದಲ್ಲಿ ಮುರುಘಾಮಠ ಇದೇ ಕೆಲಸ ಮಾಡಿತು. ಕಾಲೇಜು ಕಟ್ಟಿದವರ ಹೆಸರು ಕಲ್ಲಿನ ಮೇಲೆ ಉಳೀತದ. ಆದ್ರ ಆ ಕಾಲೇಜಿಗೆ ಹಳ್ಳಿ ಹುಡುಗರು ಹೋಗೋ ಹಂಗ ಆದದ್ದು ಈ ರೊಟ್ಟಿ–ಸಾರಿನಿಂದ. ಊರಿನಿಂದ ಜೋಳ ತಂದುಕೊಟ್ಟ ಭಕ್ತರಿಂದ. ಉನ್ನತ ಶಿಕ್ಷಣದ ಇತಿಹಾಸ ಬರೆಯುವಾಗ ಕುಲಪತಿಗಳ ಪಟ್ಟಿಯ ಜೊತೆ ಈ ಅಡುಗೆಮನೆಗಳನ್ನೂ ಬರೀಬೇಕು ಅಂತ ನನಗ ಅನ್ನಿಸ್ತದ.

ಒಂದು ಸಂಸ್ಥೆ ಏಳು ಜನ ಶಿಕ್ಷಕರಿಂದ ಶುರುವಾಗಿ, ನೂರು ವರ್ಷದಲ್ಲಿ ಆಸ್ಪತ್ರೆ, ಡೀಮ್ಡ್ ವಿವಿ, ತಾಂತ್ರಿಕ ವಿವಿ ಎಲ್ಲ ಕಟ್ಟಿತು. 2016ರಲ್ಲಿ ಶತಮಾನೋತ್ಸವವೂ ಆಯಿತು. ಹೆಮ್ಮೆ ಪಡೋ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಹೆಸರಿನಲ್ಲಿ ಒಂದು ಸಮುದಾಯ ಇದ್ರೂ ಬಾಗಿಲು ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳಿಗೂ ತೆರೆದದ. ದೊಡ್ಡ ಪ್ರಯೋಗಾಲಯ, ಒಳ್ಳೆಯ ಅಧ್ಯಾಪಕರು ಬೇಕಂದ್ರ ಖರ್ಚು ಬರ್ತದ, ಅದೂ ಖರೆ. ಸರ್ಕಾರದ ಅನುದಾನ ಇಲ್ಲದ ಸಂಸ್ಥೆ ಫೀ ಮೇಲೇ ನಡೀಬೇಕು ಅನ್ನೋ ವಾದವನ್ನ ತಳ್ಳಿಹಾಕೋದು ಸುಲಭ ಅಲ್ಲ.

ಆದ್ರ ಆಗ ನಾನು ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ, ಆ ಮಾತಿಗೆ ಬರ್ತೀನಿ. ದಾನ ಅಂದ್ರ ಒಮ್ಮೆ ಕೊಟ್ಟು ಮುಗಿಯೋದಲ್ಲ. ಅದನ್ನ ತಗೊಂಡವರ ಮೇಲೆ ಋಣ ಉಳೀತದ. ಶಿರಸಂಗಿ, ವಂಟಮೂರಿ, ಅರಟಾಳ, ಭೂಮರಡ್ಡಿ ಈ ಹೆಸರುಗಳು ಕಾಲೇಜಿನ ಕಮಾನಿನ ಮೇಲೆ ಇರೋವರೆಗೆ, ಆ ದಾನದ ಹಿಂದಿನ ದುಡಿತದ ಊರುಗಳಿಗೂ ಅಲ್ಲಿ ಒಂದು ಪಾಲು ಅದ. ಆ ಪಾಲು ಯಾವ ರೂಪದಲ್ಲಿ ಸಿಗಬೇಕು? ಹಳ್ಳಿ ಮಕ್ಕಳಿಗೆ ಪೂರ್ತಿ ಶುಲ್ಕ ಮಾಫಿಯ ಒಂದಿಷ್ಟು ಸೀಟುಗಳಾಗಿ ಸಿಗಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷಿನಲ್ಲಿ ಕೈ ಹಿಡಿದು ನಡೆಸೋ ತರಗತಿಯಾಗಿ ಸಿಗಬಹುದು. ಮಲಪ್ರಭಾ ದಂಡೆಯ ನೀರಿನ ಪ್ರಶ್ನೆ, ಕಬ್ಬು, ಹತ್ತಿಯ ಪ್ರಶ್ನೆಗಳ ಮೇಲೆ ಸಂಶೋಧನೆಯಾಗಿಯೂ ಸಿಗಬಹುದು. ಇದನ್ನ ಒಂದೇ ಸಂಸ್ಥೆಗೆ ಹೇಳ್ತಾ ಇಲ್ಲ. ದಾನದ ಮೇಲೆ ನಿಂತ ಎಲ್ಲ ಖಾಸಗಿ ವಿವಿಗಳಿಗೂ, ಅವುಗಳ ಹಳೆಯ ವಿದ್ಯಾರ್ಥಿಗಳಿಗೂ ಇದು ಅನ್ವಯಿಸ್ತದ. ಬಿವಿಬಿಯಲ್ಲಿ ಓದಿ ಇವತ್ತು ಬೆಂಗಳೂರಿನಾಗೋ ಅಮೆರಿಕದಾಗೋ ಇರೋ ನಮ್ಮ ಭಾಗದವರು ಯಾರಾದ್ರೂ ಇದನ್ನ ಕೇಳ್ತಿದ್ರ, ನಿಮ್ಮೂರಿನ ಒಬ್ಬ ಮಗುವಿನ ಫೀ ಎಷ್ಟು ಅಂತ ಒಮ್ಮೆ ವಿಚಾರಿಸಿ ನೋಡಿ.

ಮಕ್ಕಳಿಗೂ ಒಂದು ಮಾತು. ನಿಮಗ ಸೀಟು ಸಿಕ್ಕರೆ ಅದು ಯಾರೋ ಮಾಡಿದ ಉಪಕಾರ ಅಂತ ತಲೆ ತಗ್ಗಿಸೋದು ಬೇಡ. ನೂರಿಪ್ಪತ್ತು ವರ್ಷದ ಹಿಂದೆ ಆ ಮೃತ್ಯುಪತ್ರ ಬರೆದದ್ದೇ ಓದೋ ಮಕ್ಕಳಿಗಾಗಿ. ಧೈರ್ಯದಿಂದ ಹೋಗಿ ಓದಿ. ಓದಿದ ಮೇಲೆ ಮುಂದಿನವರಿಗೆ ದಾರಿ ಬಿಡಿ, ಅಷ್ಟು ಸಾಕು.

ಇವತ್ತಿನ ಮಾತು ಇಷ್ಟು. ಮನೆಯಲ್ಲಿ ಯಾರಾದ್ರೂ ಈ ವರ್ಷ ಸಿಇಟಿ ಬರೆದಿದ್ದರೆ ಇದನ್ನ ಅವರಿಗೂ ಕೇಳಿಸಿ.